ಮೂಕವಾದ ಪೆಟ್ಟಿಗೆ: ಹಳೆಯ ಸ್ಟೀರಿಯೋ ಸ್ಪೀಕರಿನೊಳಗಿನ ಸಡಿಲ ತಂತಿಯ ದುರಸ್ತಿ

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಭಾಗದ ಹಳೆಯ ಮನೆಗಳ ಚಾವಡಿಯಲ್ಲಿ ಇಂದಿಗೂ ಅಲ್ಲಲ್ಲಿ ಒಂದು ಜೋಡಿ ಮರದ ಪೆಟ್ಟಿಗೆಗಳು ಕಾಣಸಿಗುತ್ತವೆ. ಮುಂಭಾಗಕ್ಕೆ ಕಪ್ಪು ಬಟ್ಟೆ, ಹಿಂಭಾಗದಲ್ಲಿ ಕೆಂಪು ಮತ್ತು ಕಪ್ಪು ಬಣ್ಣದ ಎರಡು ಬಾಯಿಗಳು, ಎರಡು ಪೆಟ್ಟಿಗೆಗಳ ನಡುವೆ ಕ್ಯಾಸೆಟ್ ಹಾಕುವ ಡೆಕ್ಕು. 1970 ಮತ್ತು 80ರ ದಶಕಗಳಲ್ಲಿ ಕಾಸರಗೋಡಿನಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಊರಿಗೆ ಮರಳುವಾಗ ತಂದ ಸಾಮಾನುಗಳಲ್ಲಿ ಜಪಾನಿನ ಸ್ಟೀರಿಯೋ ಸೆಟ್ಟಿಗೆ ವಿಶೇಷ ಸ್ಥಾನವಿತ್ತು. ಊರಿನಲ್ಲೇ ಕೊಂಡವರ ಮನೆಯಲ್ಲಿ ಫಿಲಿಪ್ಸ್, ಸೋನೋಡೈನ್, ಕಾಸ್ಮಿಕ್ ಮೊದಲಾದ ಹೆಸರುಗಳಿದ್ದವು.

ಯಂತ್ರ ಎಲ್ಲಿಯದೇ ಆಗಿರಲಿ, ಅದರಿಂದ ಹೊರಟ ಮಾತು ಈ ಮಣ್ಣಿನದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟು ಸಂಜೆಯ ಹೊತ್ತಿನ ಸಂಗಾತಿಯಾಗಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತನ್ನು ಮತ್ತೆ ಮತ್ತೆ ಕೇಳಿ, ತರ್ಕದ ಸರಣಿಯನ್ನೇ ಬಾಯಿಪಾಠ ಮಾಡಿಕೊಂಡ ಹಿರಿಯರು ಈ ಭಾಗದಲ್ಲಿ ಅನೇಕರಿದ್ದಾರೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಬಳಿಕ ಪ್ರೌಢ ಕನ್ನಡದ ನುಡಿ ಮನೆಯೊಳಗೆ ಕೇಳಿಬರುವ ದಾರಿಗಳು ಕೆಲವೇ ಆಗಿದ್ದವು. ಶಾಲೆ, ಪತ್ರಿಕೆ, ಆಟ-ಕೂಟ, 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ: ಇವುಗಳ ಸಾಲಿನಲ್ಲಿ ಕ್ಯಾಸೆಟ್ಟಿಗೂ ಒಂದು ಸ್ಥಾನವಿದೆ.

ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳಿಗೆ ಬೇರೆ ಪ್ರತಿ ದೊರೆತೀತು. ಆದರೆ ದೇವಸ್ಥಾನದ ಅಂಗಳದಲ್ಲೋ ಮನೆಯ ಪೂಜೆಯ ದಿನವೋ ಯಾರೋ ಅಭಿಮಾನಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕೂಟಕ್ಕೆ ಇರುವುದು ಒಂದೇ ಪ್ರತಿ. ಹೀಗಿರುವಾಗ ಒಂದು ದಿನ ಎಡಗಡೆಯ ಪೆಟ್ಟಿಗೆ ಮಾತನಾಡುವುದನ್ನು ನಿಲ್ಲಿಸುತ್ತದೆ. ‘ಸ್ಪೀಕರ್ ಹೋಯಿತು’ ಎಂಬ ತೀರ್ಪು ಬೀಳುತ್ತದೆ. ಸೆಟ್ಟು ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ. ಕೇಳುವ ಸಾಧನವಿಲ್ಲದ ಮೇಲೆ ಕ್ಯಾಸೆಟ್ಟುಗಳೂ ಅದೇ ಹಾದಿ ಹಿಡಿಯುತ್ತವೆ. ಎಷ್ಟೋ ಸಲ ಈ ಇಡೀ ನಷ್ಟಕ್ಕೆ ಕಾರಣ ಪೆಟ್ಟಿಗೆಯೊಳಗೆ ಕಳಚಿಕೊಂಡ ಒಂದು ಗೇಣುದ್ದದ ತಂತಿ. ಅದನ್ನು ಗುರುತಿಸುವ, ಸರಿಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಶಬ್ದದ ಹುಟ್ಟು

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲಿಯೇ ಶಬ್ದದ ಉತ್ಪತ್ತಿಯನ್ನು ಹೇಳುತ್ತಾನೆ. ಜೀವದ ಇಚ್ಛೆ, ಅನುಕೂಲವಾದ ಗಾಳಿ, ನಾಭಿಮೂಲ ಇವು ಕೂಡಿದಾಗ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುತ್ತದೆ ಎಂಬುದು ಅವನ ನಿರೂಪಣೆ. ಶಬ್ದವನ್ನು ಅವನು ದ್ರವ್ಯವೆಂದು ಕರೆದು ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ್ದಾನೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಸೂತ್ರವನ್ನು ಸ್ಪೀಕರಿನ ಮುಂದೆ ನಿಂತು ನೆನೆದರೆ ಯಂತ್ರದ ರಚನೆ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಅಲ್ಲಿಯೂ ಒಂದು ಪ್ರೇರಣೆ ಬೇಕು, ಅದು ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ತು. ತಳ್ಳಲ್ಪಡುವ ಗಾಳಿ ಬೇಕು, ಅದು ಪೆಟ್ಟಿಗೆಯ ಮುಂದಿರುವುದು. ಇವೆರಡನ್ನು ಕೂಡಿಸುವ ಮೂಲಸ್ಥಾನವೆಂದರೆ ಅಯಸ್ಕಾಂತದ ನಡುವೆ ತೂಗುವ ತಾಮ್ರದ ಸುರುಳಿ.

ಇಂದು ಬಳಕೆಯಲ್ಲಿರುವ ಕಾಗದದ ಶಂಕುವಿನ ಸ್ಪೀಕರಿಗೆ ತಳಹದಿ ಹಾಕಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. ಅವರ ವಿವರಣೆ ಪ್ರಕಟವಾದದ್ದು 1925ರಲ್ಲಿ. ಒಂದು ಶತಮಾನ ಕಳೆದರೂ ತತ್ತ್ವ ಬದಲಾಗಿಲ್ಲ. ಹಿಂಭಾಗದಲ್ಲಿ ಉಂಗುರದಂಥ ಅಯಸ್ಕಾಂತ, ಅದರ ಕಿರಿದಾದ ಸಂದಿಯಲ್ಲಿ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ತಾನೂ ಅಯಸ್ಕಾಂತವಾಗಿ ಮುಂದಕ್ಕೋ ಹಿಂದಕ್ಕೋ ತಳ್ಳಲ್ಪಡುತ್ತದೆ. ವಿದ್ಯುತ್ತಿನ ದಿಕ್ಕು ಸೆಕೆಂಡಿಗೆ ನೂರು ಆವರ್ತ ಬದಲಾದರೆ ಶಂಕುವೂ ಅಷ್ಟೇ ಸಲ ಅಲುಗುತ್ತದೆ. ಆ ಅಲುಗಾಟವೇ ಗಾಳಿಯ ಮೂಲಕ ಕಿವಿಗೆ ಮುಟ್ಟುವ ಧ್ವನಿ.

ಗೃಹಬಳಕೆಯ ಒಳ್ಳೆಯ ಪೆಟ್ಟಿಗೆಗಳಲ್ಲಿ ಇಂಥ ಎರಡು ಘಟಕಗಳಾದರೂ ಇರುತ್ತವೆ. ದೊಡ್ಡದು ವೂಫರ್, ಮದ್ದಳೆಯ ಗುಂಭ, ಭಾಗವತರ ಕಂಠದ ಗಾಂಭೀರ್ಯ ಅದರ ಪಾಲು. ಚಿಕ್ಕದು ಟ್ವೀಟರ್; ಚಕ್ರತಾಳದ ಕಿಣಿಕಿಣಿ, ಚೆಂಡೆಯ ಏಟಿನ ತುದಿ ಅದರ ಪಾಲು. ಯಾರಿಗೆ ಯಾವ ಸ್ವರ ಎಂದು ಹಂಚುವ ಸಣ್ಣ ಜೋಡಣೆಗೆ ಕ್ರಾಸ್‌ಓವರ್ ಎಂದು ಹೆಸರು. ಅದರಲ್ಲಿ ಮುಖ್ಯವಾಗಿ ಕೆಪಾಸಿಟರ್ ಮತ್ತು ತಂತಿಯ ಸುರುಳಿ ಇರುತ್ತವೆ. ಹಿಂಬದಿಯ ಬಾಯಿಯಿಂದ ಕ್ರಾಸ್‌ಓವರಿಗೆ, ಅಲ್ಲಿಂದ ಎರಡು ಘಟಕಗಳಿಗೆ ಹೋಗುವ ತಂತಿಗಳೇ ಈ ಲೇಖನದ ವಸ್ತು.

ತಂತಿ ಸಡಿಲವಾಗುವುದೇಕೆ?

ಮೊದಲನೆಯ ಕಾರಣ ಅಲುಗಾಟ. ಸ್ಪೀಕರಿನ ಕೆಲಸವೇ ಅಲುಗುವುದು. ದಶಕಗಳ ಕಾಲ ಪ್ರತಿ ಏಟಿಗೂ ನಡುಗಿದ ಪೆಟ್ಟಿಗೆಯಲ್ಲಿ ಒತ್ತಿ ಸಿಕ್ಕಿಸಿದ ಲೋಹದ ಲಗ್ಗುಗಳು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತವೆ.

ಎರಡನೆಯದು ಈ ಊರಿನ ಹವೆ. ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಉಪ್ಪು ಬೆರೆತ ತೇವಕ್ಕೆ ತಾಮ್ರ ಮತ್ತು ಹಿತ್ತಾಳೆ ಕಿಲುಬು ಹಿಡಿಯುತ್ತವೆ. ಹುಣಿಸೆಹುಳಿ ಹಾಕಿ ಉಜ್ಜದ ಪೂಜೆಯ ತಂಬಿಗೆಯ ಮೇಲೆ ಕಾಣುವ ಅದೇ ಹಸಿರು, ಲಗ್ಗಿನ ಒಳಮೈಯಲ್ಲಿ ಕಾಣದಂತೆ ಕುಳಿತು ವಿದ್ಯುತ್ತಿನ ದಾರಿಯನ್ನು ಮುಚ್ಚುತ್ತದೆ. ಮರದ ಪುಡಿ ಒತ್ತಿ ಮಾಡಿದ ಹಲಗೆಯಾದರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ತಿರುಪುಗಳ ಹಿಡಿತವನ್ನೂ ಸಡಿಲಿಸುತ್ತದೆ.

ಮೂರನೆಯದು ಅರೆಬೆಸುಗೆ. ತಯಾರಿಕೆಯ ದಿನವೇ ಸರಿಯಾಗಿ ಕಾಯದ ಬೆಸುಗೆ ನೋಟಕ್ಕೆ ಗಟ್ಟಿಯಾಗಿದ್ದರೂ ಒಳಗೆ ಕೂಡಿರುವುದಿಲ್ಲ. ಎಷ್ಟೋ ವರ್ಷ ಹೇಗೋ ನಡೆದು, ಒಂದು ದಿನ ಕೂದಲೆಳೆಯ ಬಿರುಕಿನಲ್ಲಿ ಸಂಬಂಧ ಕಡಿದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಕೈ ತಟ್ಟಿದಾಗ ಧ್ವನಿ ಬಂದು ಮತ್ತೆ ಹೋಗುವುದಕ್ಕೆ ಇದೇ ಕಾರಣವಾಗಿರುವುದು ಹೆಚ್ಚು.

ಕಿವಿಯೇ ಮೊದಲ ಉಪಕರಣ

ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕು. ಭಾಷೆಯ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವಿದೆ: ವರ್ಣಮಾಲೆಯ ತಿಳಿವಳಿಕೆ.

ಸ್ವರಾಕ್ಷರಗಳ ಮುಖ್ಯ ಬಲ ತಗ್ಗಿನ ಮತ್ತು ನಡುವಿನ ಕಂಪನಗಳಲ್ಲಿರುತ್ತದೆ. ಸ, ಶ ಮೊದಲಾದ ಊಷ್ಮವರ್ಣಗಳ ಸೀತ್ಕಾರದ ಬಲ ಬಹುಪಾಲು ಸೆಕೆಂಡಿಗೆ 3,000 ಕಂಪನಗಳಿಗಿಂತ ಮೇಲೆ ಇರುತ್ತದೆ. ಸಕಾರದ್ದು ಇನ್ನೂ ಎತ್ತರದಲ್ಲಿ. ಹಳೆಯ ಟೆಲಿಫೋನು ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ. ಫೋನಿನಲ್ಲಿ ಅಪರಿಚಿತ ಹೆಸರು ಹೇಳುವಾಗ ಸಕಾರವೋ ಶಕಾರವೋ ಎಂದು ಕೇಳಬೇಕಾಗಿ ಬರುತ್ತಿದ್ದುದು ಅದರಿಂದಲೇ.

ಸ್ಪೀಕರಿಗೂ ಇದೇ ನ್ಯಾಯ. ಪೆಟ್ಟಿಗೆಯೊಂದರಲ್ಲಿ ಮಾತು ಕಂಬಳಿ ಹೊದ್ದಂತೆ ಕೇಳಿ, ‘ಶೇಷ’, ‘ಶಾಸ್ತ್ರ’, ‘ಸಂಶಯ’ದಂಥ ಪದಗಳ ಅಂಚು ಮಸುಕಾಗಿ, ಚಕ್ರತಾಳ ಮಾಯವಾಗಿದ್ದರೆ ಟ್ವೀಟರಿನ ತಂತಿಯನ್ನು ಶಂಕಿಸಬೇಕು. ಊಷ್ಮಗಳು ಮಾತ್ರ ಚುರುಕಾಗಿ ಕೇಳಿ, ಸ್ವರಗಳು ಬಡವಾಗಿ, ಮದ್ದಳೆ ಇಲ್ಲವೇ ಇಲ್ಲ ಎಂಬಂತಿದ್ದರೆ ವೂಫರಿನದು. ಎರಡೂ ಇಲ್ಲದೆ ಪೂರ್ಣ ಮೌನವಿದ್ದರೆ ಹಿಂಬದಿಯ ಬಾಯಿಯಿಂದ ಕ್ರಾಸ್‌ಓವರಿಗೆ ಬರುವ ಮುಖ್ಯ ತಂತಿ, ಅಥವಾ ಪೆಟ್ಟಿಗೆಯ ಹೊರಗಿನ ಯಾವುದೋ ದೋಷ.

ಹೊರಗೋ ಒಳಗೋ ಎಂಬುದನ್ನು ನಿರ್ಣಯಿಸುವ ಉಪಾಯ ಸರಳವಾದುದು. ಆಂಪ್ಲಿಫೈಯರನ್ನು ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಎಡ-ಬಲ ಸ್ಪೀಕರುಗಳ ತಂತಿಗಳನ್ನು ಆಂಪ್ಲಿಫೈಯರಿನ ಕಡೆಯಲ್ಲಿ ಅದಲುಬದಲು ಮಾಡಬೇಕು. ಮತ್ತೆ ಹಾಕಿದಾಗ ಅದೇ ಪೆಟ್ಟಿಗೆ ಮೂಕವಾಗಿದ್ದರೆ ದೋಷ ಆ ಪೆಟ್ಟಿಗೆಯಲ್ಲಿ ಅಥವಾ ಅದರ ಹೊರತಂತಿಯಲ್ಲಿ. ಮೌನವು ಇನ್ನೊಂದು ಪೆಟ್ಟಿಗೆಗೆ ದಾಟಿದ್ದರೆ ಸ್ಪೀಕರುಗಳೆರಡೂ ನಿರಪರಾಧಿಗಳು. ಡೆಕ್ಕನ್ನೋ ಆಂಪ್ಲಿಫೈಯರನ್ನೋ ಬಲ್ಲವರಿಗೆ ತೋರಿಸಬೇಕು. ಆಂಪ್ಲಿಫೈಯರನ್ನು ತಾವಾಗಿ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಸ್ವಂತ ವಿದ್ಯುತ್ ಸಂಪರ್ಕವಿಲ್ಲದ ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ಈ ಭಯವಿಲ್ಲ.

ಎರಡು ಪೆಟ್ಟಿಗೆಗಳಲ್ಲಿ ಒಂದು ಮೂಕವಾದರೆ ನಷ್ಟ ಅರ್ಧ ಗಾತ್ರದ್ದು ಮಾತ್ರವೆಂದು ಭಾವಿಸಬಾರದು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರು ಅಗಲದ್ದು. ಸ್ಟೀರಿಯೋ ಮುದ್ರಣದಲ್ಲಿ ಅದರ ಒಂದೊಂದು ಮಗ್ಗುಲಲ್ಲಿಯೂ ಎಡಕ್ಕೊಂದು, ಬಲಕ್ಕೊಂದು ಪ್ರತ್ಯೇಕ ಜಾಡು ಇರುತ್ತದೆ. ಎರಡು ಮೈಕುಗಳನ್ನು ದೂರ ದೂರ ಇಟ್ಟು ಮುದ್ರಿಸಿದ ಕೂಟದಲ್ಲಿ ಒಬ್ಬ ಅರ್ಥಧಾರಿಯ ಮಾತು ಮುಖ್ಯವಾಗಿ ಒಂದು ಜಾಡಿನಲ್ಲಿ, ಎದುರಾಳಿಯದು ಇನ್ನೊಂದರಲ್ಲಿ ಬಿದ್ದಿರಬಹುದು. ಆಗ ಒಂದು ತಂತಿ ಕಳಚಿದರೆ ಕೃಷ್ಣನ ಪ್ರಶ್ನೆ ಉಳಿದು ಕೌರವನ ಉತ್ತರ ಕ್ಷೀಣಿಸುತ್ತದೆ. ವೇಷ, ಕುಣಿತ, ರಂಗಸ್ಥಳ ಯಾವುದೂ ಇಲ್ಲದೆ ಮಾತಿನಿಂದಲೇ ನಿಲ್ಲುವ ತಾಳಮದ್ದಳೆಗೆ ಇದು ಸಣ್ಣ ಹಾನಿಯಲ್ಲ.

ಪೆಟ್ಟಿಗೆಯನ್ನು ತೆರೆಯುವ ಕ್ರಮ

ಪೆಟ್ಟಿಗೆಯಿಂದ ಹೊರತಂತಿಯನ್ನು ಬೇರ್ಪಡಿಸಿ, ಮೆತ್ತನೆಯ ಬಟ್ಟೆಯ ಮೇಲೆ ಅಂಗಾತ ಮಲಗಿಸಬೇಕು. ಮುಂಭಾಗದ ಬಟ್ಟೆಯ ಚೌಕಟ್ಟು ಸಾಮಾನ್ಯವಾಗಿ ಒತ್ತಿ ಕೂರಿಸಿದ್ದಾಗಿರುತ್ತದೆ. ನಾಲ್ಕು ಮೂಲೆಗಳಿಂದ ಸಮನಾಗಿ ಎಳೆದರೆ ಬಿಡುತ್ತದೆ. ವೂಫರಿನ ಸುತ್ತಲಿನ ಸ್ಕ್ರೂಗಳನ್ನು ಬಿಚ್ಚುವಾಗ ಒಂದು ಕೈ ಸ್ಕ್ರೂಡ್ರೈವರಿನ ತುದಿಗೆ ಕಾವಲಾಗಿರಲಿ. ಅಯಸ್ಕಾಂತ ಅದನ್ನು ಸೆಳೆದು ಕಾಗದದ ಶಂಕುವನ್ನು ತೂತು ಮಾಡಿಸಬಲ್ಲದು. ಇದೇ ಅಯಸ್ಕಾಂತ ಟೇಪಿನ ಮೇಲಿನ ಧ್ವನಿಯನ್ನು ಅಳಿಸಲೂಬಲ್ಲದು; ಆದ್ದರಿಂದ ಕ್ಯಾಸೆಟ್ಟುಗಳನ್ನು ಮೊದಲೇ ಬೇರೆ ಕೋಣೆಯಲ್ಲಿಡುವುದು ಕ್ಷೇಮ. ಯಾವ ಧ್ವನಿಗಾಗಿ ದುರಸ್ತಿಯೋ ಆ ಧ್ವನಿಯೇ ದುರಸ್ತಿಯ ಮೇಜಿನ ಮೇಲೆ ಅಳಿಯಬಾರದು.

ವೂಫರನ್ನು ಮೆಲ್ಲನೆ ಎತ್ತಿದಾಗ ಅದರ ಹಿಂದೆ ಎರಡು ತಂತಿಗಳು ಕಾಣುತ್ತವೆ. ಎಳೆಯುವ ಮೊದಲು ಅವುಗಳ ಬಣ್ಣವನ್ನೂ ಸೇರುವ ಸ್ಥಾನವನ್ನೂ ಕಾಗದದಲ್ಲಿ ಬರೆದುಕೊಳ್ಳಬೇಕು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಒಳಗೆ ತುಂಬಿದ ಹತ್ತಿಯಂಥ ವಸ್ತು ಕಸವಲ್ಲ. ಪೆಟ್ಟಿಗೆಯೊಳಗಿನ ಅನುರಣನವನ್ನು ತಗ್ಗಿಸಲು ಇಟ್ಟದ್ದು. ಅದನ್ನು ಹಾಗೆಯೇ ಮರಳಿ ತುಂಬಬೇಕು.

ಬಹಳಷ್ಟು ಸಲ ದೋಷ ಈ ಹಂತದಲ್ಲಿಯೇ ಕಣ್ಣಿಗೆ ಬೀಳುತ್ತದೆ: ತಂತಿಯೊಂದು ಲಗ್ಗಿನಿಂದ ಕಳಚಿ ನೇತಾಡುತ್ತಿರುತ್ತದೆ. ಕಾಣದಿದ್ದರೆ ಪ್ರತಿಯೊಂದು ಸಂಧಿಯನ್ನು ಬೆರಳಿನಿಂದ ನಾಜೂಕಾಗಿ ಅಲುಗಿಸಿ ನೋಡಬೇಕು. ಮಲ್ಟಿಮೀಟರ್ ಇದ್ದರೆ ನಿರ್ಣಯ ಖಚಿತ. 8 ಓಮ್ ಎಂದು ಬರೆದಿರುವ ಘಟಕದ ಎರಡು ತುದಿಗಳ ನಡುವೆ ಮೀಟರು ಸುಮಾರು 6ರಿಂದ 7 ಓಮ್ ತೋರಿಸಿದರೆ ಸುರುಳಿ ಸಜೀವವಾಗಿದೆ. 4 ಓಮಿನದಾದರೆ 3ರ ಆಸುಪಾಸು. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ.

ಮೀಟರ್ ಇಲ್ಲದವರಿಗೆ ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ಲು ಸಾಕು. ಅದರಿಂದ ಎರಡು ತಂತಿಗಳನ್ನು ತಂದು ವೂಫರಿನ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ ತೆಗೆದಾಗ ‘ಟಪ್’ ಎಂಬ ಸದ್ದಿನೊಂದಿಗೆ ಶಂಕು ಅಲುಗಬೇಕು. ವೂಫರಿನ ತುದಿಗಳಲ್ಲಿ ಸದ್ದು ಬಂದು, ಪೆಟ್ಟಿಗೆಯ ಹಿಂಬದಿಯ ಬಾಯಿಯಲ್ಲಿ ಮುಟ್ಟಿಸಿದಾಗ ಬಾರದಿದ್ದರೆ, ಕಡಿತವಿರುವುದು ಆ ಎರಡರ ನಡುವೆ. ಹೀಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಹೋದರೆ ದೋಷದ ಸ್ಥಾನ ತಾನಾಗಿ ಸಿಗುತ್ತದೆ. ಪಾಠಾಂತರಗಳನ್ನು ಹೋಲಿಸುತ್ತ ಲಿಪಿಕಾರನ ಕೈತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವ ಕ್ರಮವೂ ಇದೇ ಬಗೆಯದು.

ಬೆಸುಗೆ

ಲಗ್ಗು ಸಡಿಲವಾಗಿದ್ದಷ್ಟೇ ಆದರೆ ಬೆಸುಗೆಯ ಅಗತ್ಯವಿಲ್ಲ. ಕಿಲುಬನ್ನು ನಯವಾದ ಮರಳುಕಾಗದದಿಂದ ಉಜ್ಜಿ ತೆಗೆದು, ಲಗ್ಗಿನ ಅಂಚುಗಳನ್ನು ಇಕ್ಕುಳದಿಂದ ತುಸು ಬಿಗಿಮಾಡಿ ಮತ್ತೆ ಒತ್ತಿದರೆ ಮುಗಿಯಿತು. ಬೆಸುಗೆಯೇ ಬಿಟ್ಟಿದ್ದರೆ ಹೊಸದು ಹಾಕಬೇಕು.

‘ಬೆಸೆ’, ‘ಬೆಸುಗೆ’ ಎಂಬ ಪದಗಳು ಕನ್ನಡಕ್ಕೆ ಹೊಸತಲ್ಲ. ಅಕ್ಕಸಾಲಿಗರ, ಕಂಚುಗಾರರ ಕಸುಬಿನೊಂದಿಗೆ ನಡೆದುಬಂದವು. ವಿದ್ಯುತ್ ಕೆಲಸದಲ್ಲಿ ಬಳಸುವ ಸಾಮಾನ್ಯ ಬೆಸುಗೆಯ ತಂತಿ 60 ಭಾಗ ತವರ, 40 ಭಾಗ ಸೀಸ ಬೆರೆತದ್ದು. ಅದು 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಲಾರಂಭಿಸುತ್ತದೆ. ತವರ 232 ಡಿಗ್ರಿಯಲ್ಲಿಯೂ ಸೀಸ 327 ಡಿಗ್ರಿಯಲ್ಲಿಯೂ ಕರಗುವ ಲೋಹಗಳು. ಎರಡೂ ಕೂಡಿದಾಗ ಎರಡಕ್ಕಿಂತಲೂ ಕಡಿಮೆ ಕಾವಿಗೆ ಕರಗುವುದು ಈ ಮಿಶ್ರಣದ ವಿಶೇಷ. ತಂತಿಯ ನಡುವೆ ಪೈನ್ ಮರದ ರಾಳ ಇರುತ್ತದೆ. ಕಾದಾಗ ಅದು ಮೊದಲು ಹರಿದು ಲೋಹದ ಮೈಮೇಲಿನ ಮಾಸಲನ್ನು ತೊಳೆಯುತ್ತದೆ.

25ರಿಂದ 35 ವ್ಯಾಟಿನ ಸೋಲ್ಡರಿಂಗ್ ಐರನ್ ಈ ಕೆಲಸಕ್ಕೆ ಸಾಕು. ತಂತಿಯ ತುದಿಯನ್ನು ಅರ್ಧ ಅಂಗುಲ ಸುಲಿದು, ತಾಮ್ರ ಹೊಳೆಯುವವರೆಗೆ ಬ್ಲೇಡಿನಿಂದ ಕೆರೆದು, ಎಳೆಗಳನ್ನು ಹೊಸೆದು ಲಗ್ಗಿನ ರಂಧ್ರಕ್ಕೆ ಸಿಕ್ಕಿಸಬೇಕು. ಐರನ್ನಿನ ತುದಿಯಿಂದ ಕಾಯಿಸಬೇಕಾದುದು ಸಂಧಿಯನ್ನು. ಎರಡು-ಮೂರು ಸೆಕೆಂಡು ಕಾದ ಬಳಿಕ ಬೆಸುಗೆಯ ತಂತಿಯನ್ನು ಸಂಧಿಗೆ ಮುಟ್ಟಿಸಿದರೆ ಅದು ತಾನೇ ಕರಗಿ ಎಳೆಗಳ ನಡುವೆ ಹರಿಯುತ್ತದೆ. ಐರನ್ನಿನ ತುದಿಯಲ್ಲೇ ಕರಗಿಸಿ ಹನಿಯಾಗಿ ಬೀಳಿಸಿದರೆ ಆಗುವುದು ಅರೆಬೆಸುಗೆ. ಕೆಸುವಿನೆಲೆಯ ಮೇಲಿನ ನೀರಿನಂತೆ ಅದು ಮೇಲೆ ಕುಳಿತಿರುತ್ತದೆ, ಅಂಟಿರುವುದಿಲ್ಲ. ಆರುವ ತನಕ ತಂತಿ ಅಲುಗಬಾರದು. ಸರಿಯಾದ ಬೆಸುಗೆ ಹೊಳಪಾಗಿದ್ದು ಅಂಚಿನಲ್ಲಿ ಇಳಿಜಾರಾಗಿ ಹರಡಿರುತ್ತದೆ; ಕೆಟ್ಟದ್ದು ಮಂಕಾಗಿ ಗುಂಡಿನಂತೆ ನಿಂತಿರುತ್ತದೆ. ಕಿಟಕಿ ತೆರೆದಿರಬೇಕು, ಕೆಲಸ ಮುಗಿದ ಮೇಲೆ ಕೈಗಳನ್ನು ಚೆನ್ನಾಗಿ ತೊಳೆಯಬೇಕು, ಸೀಸ ವಿಷಕಾರಿ.

ಲಗ್ಗಿನಿಂದ ಶಂಕುವಿಗೆ ಹೋಗುವ ಹೆಣೆದ ಎಳೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ನೂಲಿನ ಸುತ್ತ ತಾಮ್ರದ ತೆಳು ಪಟ್ಟಿ ಸುತ್ತಿ ಮಾಡಿದ ಅದು ಶಂಕುವಿನೊಂದಿಗೆ ಬಾಗುತ್ತಿರಬೇಕು. ಬೆಸುಗೆ ಅದರ ಉದ್ದಕ್ಕೂ ಹರಿದರೆ ಎಳೆ ಕಡ್ಡಿಯಂತೆ ಸೆಟೆದು ಮುರಿಯುತ್ತದೆ. ಲಗ್ಗಿನ ತುದಿಯಲ್ಲಿ ಮಾತ್ರ, ಕ್ಷಣಮಾತ್ರದ ಕಾವಿನಲ್ಲಿ ಬೆಸೆದು, ಮೊದಲಿದ್ದ ಸಡಿಲವನ್ನು ಹಾಗೆಯೇ ಉಳಿಸಬೇಕು.

ಧನ-ಋಣಗಳ ವಿವೇಕ

ಕಳಚಿದ ತಂತಿಯನ್ನು ಬದಲುಸ್ಥಾನದಲ್ಲಿ ಬೆಸೆದರೂ ಪೆಟ್ಟಿಗೆ ಮಾತನಾಡುತ್ತದೆ. ಆದರೆ ಒಂದು ವೂಫರು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಎರಡರ ಮಂದ್ರಧ್ವನಿಗಳು ಒಂದನ್ನೊಂದು ಅಳಿಸಿಕೊಂಡು ಮದ್ದಳೆ ಸೊರಗುತ್ತದೆ. ನಡುವಿನಲ್ಲಿ ಕುಳಿತಂತೆ ಕೇಳಬೇಕಾದ ಭಾಗವತರ ಕಂಠ ನೆಲೆಯಿಲ್ಲದೆ ಚೆದರುತ್ತದೆ. ಸೆಲ್ಲಿನ ಪರೀಕ್ಷೆ ಇಲ್ಲಿಯೂ ನೆರವಾಗುತ್ತದೆ: ಸೆಲ್ಲಿನ ಧನತುದಿಯನ್ನು ಪೆಟ್ಟಿಗೆಯ ಕೆಂಪು ಬಾಯಿಗೆ ಮುಟ್ಟಿಸಿದಾಗ ಸಾಮಾನ್ಯವಾಗಿ ವೂಫರಿನ ಶಂಕು ಹೊರಕ್ಕೆ ಚಿಮ್ಮುತ್ತದೆ. ಜೆಬಿಎಲ್‌ನಂಥ ಸಂಸ್ಥೆಯ ಹಳೆಯ ಘಟಕಗಳಲ್ಲಿ ಇದು ತಿರುವುಮುರುವಾಗಿರುವುದುಂಟು. ಆದ್ದರಿಂದ ಎರಡು ಪೆಟ್ಟಿಗೆಗಳೂ ಒಂದೇ ದಿಕ್ಕಿಗೆ ಚಲಿಸುತ್ತವೆಯೇ ಎಂದು ಹೋಲಿಸಿ ನೋಡುವುದೇ ನಿಜವಾದ ಪ್ರಮಾಣ.

ತಂತಿಯ ದೋಷವಲ್ಲದಿದ್ದರೆ

ಶಂಕುವನ್ನು ಎರಡೂ ಕೈಗಳ ಬೆರಳುಗಳಿಂದ ಸಮನಾಗಿ, ಹಗುರವಾಗಿ ಒತ್ತಿದಾಗ ಗರಗರ ಉಜ್ಜಿದ ಸದ್ದು ಬಂದರೆ ಅಥವಾ ಸುಟ್ಟ ವಾಸನೆಯಿದ್ದರೆ ಸುರುಳಿಗೇ ಪೆಟ್ಟಾಗಿದೆ. ಶಂಕುವಿನ ಅಂಚಿನ ಫೋಮ್ ಪಟ್ಟಿ ತೇವಕ್ಕೆ ಪುಡಿಪುಡಿಯಾಗಿದ್ದರೆ ಅದನ್ನು ಬದಲಾಯಿಸಬೇಕು. ಇವೆರಡೂ ನುರಿತ ಕೈಗಳ ಕೆಲಸ. ಹಾಗಿದ್ದರೂ ಪೆಟ್ಟಿಗೆ ಗುಜರಿಗೆ ಹೋಗಬೇಕಾಗಿಲ್ಲ. ಸುರುಳಿ ಮತ್ತು ಶಂಕುವನ್ನು ಹೊಸದಾಗಿ ಕೂರಿಸುವವರು ಪೇಟೆಗಳಲ್ಲಿ ಇನ್ನೂ ಇದ್ದಾರೆ.

ಎಲ್ಲವನ್ನೂ ಮರಳಿ ಜೋಡಿಸಿದ ಬಳಿಕ, ಆಂಪ್ಲಿಫೈಯರ್ ಹಾಕುವ ಮುನ್ನ, ಧನ-ಋಣ ತಂತಿಗಳ ಎಳೆಗಳು ಒಂದಕ್ಕೊಂದು ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತಾಗಿದರೆ ಆಂಪ್ಲಿಫೈಯರೇ ಸುಟ್ಟೀತು. ಮೊದಲು ಧ್ವನಿಯನ್ನು ಕಡಿಮೆಯಲ್ಲಿಟ್ಟು, ಬೆಲೆಬಾಳದ ಯಾವುದಾದರೊಂದು ಕ್ಯಾಸೆಟ್ಟನ್ನು ಹಾಕಿ ಕೇಳಬೇಕು. ಡೆಕ್ಕು ಟೇಪನ್ನು ನುಂಗುತ್ತಿಲ್ಲ ಎಂದು ತಿಳಿದ ಮೇಲೆಯೇ ಮನೆಯ ಒಂಟಿ ಪ್ರತಿಗೆ ಕೈಹಾಕುವುದು ಲೇಸು.

ಆ ಒಂಟಿ ಪ್ರತಿ ಸರಿಯಾಗಿ ಕೇಳಿಬಂದ ದಿನವೇ ಅದನ್ನು ಡೆಕ್ಕಿನಿಂದ ನೇರವಾಗಿ ಕಂಪ್ಯೂಟರಿಗೆ ಇಳಿಸಿಟ್ಟು, ಕೂಟ ನಡೆದ ಸ್ಥಳ, ದಿನಾಂಕ, ಪ್ರಸಂಗ, ಭಾಗವತರು, ಅರ್ಥಧಾರಿಗಳ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟರೆ ಅದು ಸಂಶೋಧನೆಯ ಆಕರವಾಗುತ್ತದೆ. ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಪೆನ್ಸಿಲಿನ ಬರಹ ಮಾಸುತ್ತಿದೆ. ಧ್ವನಿಯನ್ನು ಕೇಳಿದೊಡನೆ ಇದು ಇಂಥವರದೆಂದು ಗುರುತಿಸಬಲ್ಲ ಹಿರಿಯರ ಸಂಖ್ಯೆಯೂ ಕಡಿಮೆಯಾಗುತ್ತಿದೆ. ಬರುವ ರಜೆಯಲ್ಲಿ ಅಟ್ಟ ಹತ್ತುವ ವಿದ್ಯಾರ್ಥಿ ಆ ಪೆಟ್ಟಿಗೆಗಳ ಹಿಂಬದಿಯನ್ನು ಒಮ್ಮೆ ನೋಡಲಿ. ಕೆಳಗೆ ತಂದು, ಧೂಳು ಒರೆಸಿ, ಒಂದು ಸೆಲ್ಲು ಮುಟ್ಟಿಸಿ ‘ಟಪ್’ ಎನ್ನುತ್ತದೆಯೇ ಎಂದು ಕೇಳಲಿ.